ಗೋ-ಲೈವ್‌ಗೆ ಹದಿನೆಂಟು ದಿನ ಇರುವಾಗ ಸೆಕ್ಯುರಿಟಿಯವರ ನೆನಪಾಯಿತು

ಕಟ್ಟೆಪುರಾಣ · ಗುರುವಾರ ಸಂಜೆ 6:10

ಬೆಂಗಳೂರಿನ ಒಂದು ಉತ್ಪಾದನಾ ಕಂಪನಿಯಲ್ಲಿ ಸೆಕ್ಯುರಿಟಿ ನೋಡಿಕೊಳ್ಳುವವನು ನಾನು. ತಂಡ ಅಂದರೆ ನಾನು, ಇನ್ನೊಬ್ಬಳು ಹುಡುಗಿ, ಮತ್ತೆ ಅರ್ಧ ದಿನ ನಮ್ಮ ಜೊತೆ, ಅರ್ಧ ದಿನ ನೆಟ್‌ವರ್ಕ್‌ನವರ ಜೊತೆ ಇರುವ ಒಬ್ಬರು. ಹದಿನಾಲ್ಕು ತಿಂಗಳಿಂದ ಇಲ್ಲಿ ಎಸ್‌ಎಪಿಯ (ಕಂಪನಿಯ ಲೆಕ್ಕ, ಖರೀದಿ, ಸಂಬಳ ಎಲ್ಲ ನಡೆಸುವ ಸಾಫ್ಟ್‌ವೇರ್) ಹಳೇ ಆವೃತ್ತಿ ಇಸಿಸಿಯಿಂದ ಹೊಸದಾದ ಎಸ್/4 ಹಾನಾಕ್ಕೆ ಹೋಗುವ ಕೆಲಸ ನಡೆದಿದೆ. ಹಳೆಯದಕ್ಕೆ 2027ರ ಕೊನೆಗೆ ಮಾಮೂಲಿ ಸಪೋರ್ಟ್ ಮುಗಿಯುತ್ತದಲ್ಲ, ಅದೇ ಕಾರಣ. ಹೋಗುವುದು ಹೋಗುತ್ತೇವೆ, ಹಾಗೇ ಕ್ಲೌಡ್‌ಗೂ ಹೋಗಿಬಿಡೋಣ ಅಂತ ಮೇಲಿನವರು ತೀರ್ಮಾನಿಸಿದರು.

ಮೊನ್ನೆ ಮಂಗಳವಾರ ಪ್ರಾಜೆಕ್ಟ್ ಆಫೀಸಿನಿಂದ ಮೇಲ್. ಗೋ-ಲೈವ್‌ಗೆ, ಅಂದರೆ ಹೊಸ ಸಿಸ್ಟಮ್ ಚಾಲೂ ಆಗುವುದಕ್ಕೆ, 18 ದಿನ ಇದೆ, ಸೆಕ್ಯುರಿಟಿ ಸೈನ್-ಆಫ್ (ಒಪ್ಪಿಗೆಯ ಸಹಿ) ಕೊಡಿ ಅಂತ. ಜೊತೆಗೊಂದು ಎಕ್ಸೆಲ್, ನನ್ನ ಹೆಸರಿನ ಮುಂದೆ ಒಂದು ಖಾಲಿ ಮನೆ. ಎಲೆ ಹಾಕಿ ಪಂಕ್ತಿ ಕೂರಿಸಿದ ಮೇಲೆ ಸಾರಿಗೆ ಉಪ್ಪು ಸರಿಯಿದೆಯಾ ನೋಡಿ ಅಂತ ಅಡುಗೆಮನೆಗೆ ಕರೆದ ಹಾಗಾಯಿತು.

ಎರಡು ದಿನ ಕೂತು ನೋಡಿದೆ. ಎರಡು ಸಲ ಅಣಕು ಕಟ್‌ಓವರ್ (ಹಳೆಯದರಿಂದ ಹೊಸದಕ್ಕೆ ದಾಟುವ ತಾಲೀಮು) ಮಾಡಿದ್ದಾರೆ, ಎರಡು ಸಲವೂ ಪ್ರೊಡಕ್ಷನ್ (ನಿಜವಾದ ದಿನನಿತ್ಯದ ಕೆಲಸ ನಡೆಯುವ) ಡೇಟಾಬೇಸಿನ ಪೂರ್ತಿ ನಕಲು ಹಾಗೇ ಉಳಿದಿದೆ. ಒಂದು ಟೆಸ್ಟ್ ಸರ್ವರ್‌ನಲ್ಲಿ, ಇನ್ನೊಂದು ಗುತ್ತಿಗೆದಾರರ ಮಧ್ಯದ ಸರ್ವರ್‌ನಲ್ಲಿ. ನೌಕರರ ಪ್ಯಾನ್, ಬ್ಯಾಂಕ್ ಖಾತೆ, ಸಂಬಳ ಎಲ್ಲ ಮರೆಯಿಲ್ಲದೆ ಓದಬಹುದು. (ಇಂಥ ವಿವರಗಳನ್ನು ಮರೆಮಾಚುವ ಮಾಸ್ಕಿಂಗ್ ಟೂಲ್ ಬೇಕು ಅಂತ ಕಳೆದ ವರ್ಷವೇ ಕೇಳಿದ್ದೆವು, ಟ್ರಯಲ್ ಕೂಡ ಮಾಡಿ ತೋರಿಸಿದ್ದೆವು. ದುಡ್ಡು ಮಂಜೂರಾಗಲಿಲ್ಲ.) ಫೈರ್‌ವಾಲ್‌ನಲ್ಲಿ "ತಾತ್ಕಾಲಿಕ" ಅಂತ ಬರೆದು ತೆರೆದ ದಾರಿಗಳು 31, ಒಂದಕ್ಕೂ ಮುಚ್ಚುವ ತಾರೀಕಿಲ್ಲ. ಒಂಬತ್ತು ಜನರ ಕೈಯಲ್ಲಿ ಎಸ್‌ಎಪಿ_ಆಲ್, ಅಂದರೆ ಸಿಸ್ಟಮ್ಮಿನಲ್ಲಿ ಏನು ಬೇಕಾದರೂ ಮಾಡುವ ಅಧಿಕಾರ. ಹೊಸ ಸಿಸ್ಟಮ್ಮಿನ ಲಾಗ್ (ಯಾರು ಯಾವಾಗ ಏನು ಮಾಡಿದರು ಎಂಬ ದಾಖಲೆ) ನಮ್ಮ ಕಡೆಗೆ ಬರುತ್ತಲೇ ಇಲ್ಲ.

ಸಹಿ ಹಾಕಲೋ ಬೇಡವೋ? ಹಾಕದಿದ್ದರೆ ಹದಿನಾಲ್ಕು ತಿಂಗಳ ಕೆಲಸಕ್ಕೆ ಕಲ್ಲು ಹಾಕಿದವನು ನಾನೇ ಆಗುತ್ತೇನೆ.

ಬೇಸಿಸ್ ಭಟ್ಟ · ಗುರುವಾರ ರಾತ್ರಿ 9:40

ಸಹಿಯ ವಿಷಯ ಆಮೇಲೆ ಮಾತಾಡುವ ಮಾರಾಯ್ರೆ, ಮೊದಲು ಆ ನಕಲುಗಳನ್ನು ನೋಡಿ. ಅವು ಸುಮ್ಮನೆ ಕೂತಿವೆಯೋ, ಎದ್ದು ಓಡಾಡ್ತಾ ಇವೆಯೋ?

ಯಾಕೆ ಕೇಳ್ತೇನೆ ಅಂದ್ರೆ, ನಾನು ಹಿಂದೆ ಇದ್ದ ಒಂದು ಕಡೆ ಹೀಗೇ ಪ್ರೊಡಕ್ಷನ್ ಕಾಪಿ ತೆಗೆದು ಸ್ಯಾಂಡ್‌ಬಾಕ್ಸ್ (ಪ್ರಯೋಗಕ್ಕೊಂದು ಸಿಸ್ಟಮ್) ಮಾಡಿದ್ದೆವು. ರಾತ್ರಿ ಒಂದೂವರೆಗೆ ಸಿಸ್ಟಮ್ ಎದ್ದಿತು, ನಾವು ಚಾ ಕುಡಿಯಲಿಕ್ಕೆ ಕೆಳಗೆ ಹೋದೆವು. ಪ್ರೊಡಕ್ಷನ್‌ನಲ್ಲಿ ರಿಲೀಸ್ ಆಗಿ ಕಾಯ್ತಾ ಇದ್ದ ಜಾಬ್‌ಗಳೆಲ್ಲ (ಹೊತ್ತಿಗೆ ತಾವಾಗಿಯೇ ಓಡುವ ಕೆಲಸಗಳು) ಕಾಪಿಯ ಒಳಗೂ ಕಾಯ್ತಾ ಇದ್ದವು ನೋಡಿ, ಎದ್ದ ಕೂಡಲೇ ಓಡಿದವು. ಅದರಲ್ಲೊಂದು ಸಪ್ಲೈಯರ್‌ಗಳಿಗೆ ಪಾವತಿ ವಿವರದ ಮೇಲ್ ಕಳಿಸುವ ಜಾಬ್. ಬೆಳಿಗ್ಗೆ ಆರಕ್ಕೆ ಫೋನು: "ಸರ್, ನಮಗೆ ಎರಡೆರಡು ಸಲ ದುಡ್ಡು ಹಾಕಿದ್ದೀರಾ?" ಪುಣ್ಯಕ್ಕೆ ಬ್ಯಾಂಕಿಗೆ ಹೋಗುವ ಫೈಲಿನ ದಾರಿ ಬೇರೆ ಇತ್ತು, ಹಾಗಾಗಿ ಬಚಾವ್.

ಆವತ್ತಿನಿಂದ ನಾನು ಕಾಪಿಯನ್ನು ಎಬ್ಬಿಸುವ ಮೊದಲು ಬ್ಯಾಕ್‌ಗ್ರೌಂಡ್ ಪ್ರೊಸೆಸ್‌ಗಳ ಸಂಖ್ಯೆ ಸೊನ್ನೆ ಮಾಡ್ತೇನೆ. ಆಮೇಲೆ ಬಿಟಿಸಿಟಿಆರ್‌ಎನ್‌ಎಸ್1 ಎಂಬ ಪ್ರೋಗ್ರಾಂ ಓಡಿಸಿ ಜಾಬ್‌ಗಳನ್ನೆಲ್ಲ ತಡೆ ಹಿಡಿಯುವುದು, ಮೇಲ್ ಹೊರಗೆ ಹೋಗದ ಹಾಗೆ ಮಾಡುವುದು, ಎಸ್‌ಎಂ59ಕ್ಕೆ (ಬೇರೆ ಸಿಸ್ಟಮ್‌ಗಳ ಸಂಪರ್ಕ ಬರೆದಿಡುವ ಜಾಗ) ಹೋಗಿ ಹೊರಗಿನ ಸಂಪರ್ಕಗಳನ್ನು ಒಂದೊಂದಾಗಿ ಕಡಿಯುವುದು. ಆ ಎಸ್‌ಎಂ59ರಲ್ಲಿ ಹತ್ತು ವರ್ಷದ ಹಿಂದಿನ ಪಾಸ್‌ವರ್ಡ್‌ಗಳು ಜೀವಂತ ಕೂತಿರ್ತವೆ. ಟೆಸ್ಟ್ ಸಿಸ್ಟಮ್ಮಿಗೆ ಕೈ ಹಾಕಿದವನಿಗೆ ಅಲ್ಲಿಂದ ಪ್ರೊಡಕ್ಷನ್‌ಗೆ ನಡೆದುಕೊಂಡು ಹೋಗ್ಲಿಕ್ಕೆ ಅದೇ ದಾರಿ. ನಿಮ್ಮ ಗುತ್ತಿಗೆದಾರರಿಗೆ ಇದನ್ನೆಲ್ಲ ಮಾಡಿದ್ದೀರಾ ಅಂತ ಕೇಳಿ, ಬಾಯಿಮಾತು ಬೇಡ, ಸ್ಕ್ರೀನ್ ತೋರಿಸಲಿಕ್ಕೆ ಹೇಳಿ.

ಧಾರವಾಡ ಫೇಡೆ · ಗುರುವಾರ ರಾತ್ರಿ 10:25

ನಾ ಪ್ರಾಜೆಕ್ಟ್ ಮ್ಯಾನೇಜರ್ ಅದೀನ್ರಿ, ಬೈಯೂದಾದ್ರ ಬೈರಿ. ಆದ್ರ ನಮ್ಮ ಕಡೀದೂ ಒಂದ್ ಮಾತು ಕೇಳ್ರಿ.

ಗೋ-ಲೈವ್ ತಾರೀಕು ನಾವು ಕಲೆಂಡರ್ ನೋಡಿ ಇಡೂದಿಲ್ಲ. ಫ್ಯಾಕ್ಟರಿ ನಿಲ್ಲಸಾಕ ವರ್ಷಕ್ಕ ಎರಡು-ಮೂರು ರಜಾ ಸಿಗ್ತಾವ. ಸ್ಟಾಕ್ ಎಣಿಸಬೇಕು, ಡೀಲರ್‌ಗೆ ಹೇಳಬೇಕು, ಜಿಎಸ್‌ಟಿ ಬಿಲ್ಲಿಂಗ್ ಎಲ್ಲಿ ನಿಂತು ಎಲ್ಲಿ ಚಾಲೂ ಆಗಬೇಕು ನೋಡಬೇಕು. ಆ ಶುಕ್ರವಾರ ತಪ್ಪಿದ್ರ ಮುಂದಿಂದು ನಾಕ್ ತಿಂಗಳಿಗೆ. ಹಿಂಗಿರುವಾಗ ಸೆಕ್ಯುರಿಟಿಯವರು ಬಂದು ನಲವತ್ತು ಪುಟದ ಪಿಡಿಎಫ್ ಕೊಟ್ಟು "ಇದನ್ನ ಪಾಲಿಸ್ರಿ" ಅಂತಾರ. ಅದರಾಗ ನಂಬರ್ 17: "ಸೂಕ್ತ ಪ್ರವೇಶ ನಿಯಂತ್ರಣ ಇರಬೇಕು". ಸೂಕ್ತ ಅಂದ್ರ ಏನ್ರಿ? ಯಾರು ಮಾಡಬೇಕು? ಎಷ್ಟ್ ತಾಸು? ನನ್ನ ಪ್ಲಾನಿನ್ಯಾಗ ಸಾಲಿಗೊಬ್ಬ ಮನಶಾ, ಸಾಲಿಗೊಂದು ತಾಸು ಇರ್ತಾವ. ಅದರಾಗ ಬರದೇ ಇದ್ದದ್ದು ಆಗೂದೇ ಇಲ್ಲ.

ಕಟ್ಟೆಪುರಾಣ · ಗುರುವಾರ ರಾತ್ರಿ 10:41

ಫೇಡೆ ಸರ್, ಆ ಪಿಡಿಎಫ್ ನಾವೂ ಕೊಟ್ಟಿದ್ದೇವೆ. ಒಪ್ಪಿಕೊಂಡೆ. ಆದರೆ ಪ್ಲಾನ್ ಬರೆಯುವ ಮೀಟಿಂಗಿಗೆ ನಮ್ಮನ್ನು ಕರೆದಿದ್ದರೆ ಪಿಡಿಎಫ್ ಯಾಕೆ ಬೇಕಿತ್ತು?

ಲಂಡನ್ ಲಿಂಗದೀರ · ಶುಕ್ರವಾರ ಬೆಳಿಗ್ಗೆ 4:55

ಇಲ್ಲಿ ಇಂಗ್ಲೆಂಡಿನಲ್ಲಿ ಯಾವ ಮೈಗ್ರೇಶನ್ ಮೀಟಿಂಗಿಗೆ ಹೋದರೂ ಯಾರಾದರೂ ಒಬ್ಬರು "ಟಿಎಸ್‌ಬಿ ಥರ ಆಗದಿರಲಿ" ಅಂತ ಹೇಳಿಯೇ ಹೇಳುತ್ತಾರೆ, ಊರಲ್ಲಿ ಹಿರಿಯರು ಹಳೇ ಪ್ಲೇಗಿನ ಸುದ್ದಿ ಎತ್ತುವಂತೆ. ಗೊತ್ತಿಲ್ಲದವರಿಗಾಗಿ: ಟಿಎಸ್‌ಬಿ ಬ್ಯಾಂಕು ಲಾಯ್ಡ್ಸ್ ಬ್ಯಾಂಕಿನ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಬಾಡಿಗೆಗೆ ಇತ್ತು. ಸ್ಪೇನಿನ ಸಬಡೆಲ್ ಬ್ಯಾಂಕು ಅದನ್ನು ಕೊಂಡ ಮೇಲೆ ತನ್ನದೇ ಪ್ರೋಟಿಯೋ ಎಂಬ ವ್ಯವಸ್ಥೆಗೆ ತಂದಿತು. 2018ರ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ 52 ಲಕ್ಷ ಗ್ರಾಹಕರು, ಬಹುಮಟ್ಟಿಗೆ ಒಂದೇ ಏಟಿಗೆ.

ಡೇಟಾ ಸರಿಯಾಗಿಯೇ ಬಂದು ಮುಟ್ಟಿತು. ಈ ಮಾತು ನೆನಪಿಡಿ, ಯಾಕೆಂದರೆ ಎಲ್ಲರೂ ಡೇಟಾ ತಾಳೆ ನೋಡಿ ನಿಟ್ಟುಸಿರು ಬಿಡುತ್ತಾರೆ. ಬಿದ್ದದ್ದು ಅದರ ಸುತ್ತಲಿನ ವ್ಯವಸ್ಥೆ. ಸುಮಾರು 19 ಲಕ್ಷ ಜನ ತಮ್ಮ ಖಾತೆಗೇ ಹೋಗಲಾಗದೆ ಹೊರಗುಳಿದರು. ಪೂರ್ತಿ ಸರಿಹೋಗಲು ಆ ವರ್ಷದ ಡಿಸೆಂಬರ್ ಬಂತು. ಆಮೇಲೆ ಬಂದ ಸ್ವತಂತ್ರ ವರದಿಯಲ್ಲಿ ನನಗೆ ಮರೆಯಲಾಗದ ಒಂದು ವಿವರ ಇದೆ: ಎರಡು ಡೇಟಾ ಸೆಂಟರ್‌ಗಳಿದ್ದವು, ಭಾರ ಹೊರಿಸಿ ಪರೀಕ್ಷೆ ಮಾಡಿದ್ದು ಒಂದರಲ್ಲಿ ಮಾತ್ರ. 2022ರ ಡಿಸೆಂಬರ್‌ನಲ್ಲಿ ನಿಯಂತ್ರಕರು 4.865 ಕೋಟಿ ಪೌಂಡ್ ದಂಡ ಹಾಕಿದರು. ಮರುವರ್ಷ ಬ್ಯಾಂಕಿನ ಅಂದಿನ ಮುಖ್ಯ ಮಾಹಿತಿ ಅಧಿಕಾರಿಗೆ ವೈಯಕ್ತಿಕವಾಗಿ 81,620 ಪೌಂಡ್. ಸಹಿ ಹಾಕುವವರು ಈ ಎರಡನೇ ಅಂಕಿಯನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಹೊಸಬ_ಮೈಸೂರು · ಶುಕ್ರವಾರ ಬೆಳಿಗ್ಗೆ 8:15

ಅಣ್ಣ, ಸರ್ವರ್ ಬಿದ್ದದ್ದು ಸೆಕ್ಯುರಿಟಿ ತೊಂದರೆ ಹೇಗಾಗುತ್ತೆ? ಯಾರೂ ಹ್ಯಾಕ್ ಮಾಡಲಿಲ್ಲವಲ್ಲ.

ಲಂಡನ್ ಲಿಂಗದೀರ · ಶುಕ್ರವಾರ ಮಧ್ಯಾಹ್ನ 1:30

ಕೆಲವರಿಗೆ ತಮ್ಮ ಖಾತೆಗೆ ಲಾಗಿನ್ ಆದರೆ ಬೇರೆಯವರ ಖಾತೆ ಕಂಡಿತು ತಮ್ಮಾ. ಹ್ಯಾಕರ್ ಇಲ್ಲದೆಯೇ ಗುಟ್ಟು ರಟ್ಟಾಯಿತು. ಅದಲ್ಲದೆ, ಬ್ಯಾಂಕಿನ ಆ್ಯಪ್ ಕೆಟ್ಟಿದೆ ಅಂತ ಪತ್ರಿಕೆಗಳಲ್ಲಿ ಬಂದ ಕೂಡಲೇ ಕಳ್ಳರು ಬ್ಯಾಂಕಿನ ಹೆಸರಲ್ಲಿ ಮೆಸೇಜು, ಫೋನು ಶುರು ಮಾಡಿದರು. "ನಿಮ್ಮ ಖಾತೆ ಸರಿಮಾಡಿ ಕೊಡುತ್ತೇವೆ." ಜನ ಬ್ಯಾಂಕಿಗೆ ಕರೆ ಮಾಡಿ ಕೇಳೋಣ ಅಂದರೆ ಲೈನೇ ಸಿಗುತ್ತಿರಲಿಲ್ಲ. ಆ ಜೂನ್‌ನಲ್ಲಿ ಬ್ಯಾಂಕಿನ ಮುಖ್ಯಸ್ಥರೇ ಸಂಸತ್ ಸಮಿತಿಯ ಮುಂದೆ 1,300 ಗ್ರಾಹಕರು ವಂಚನೆಯಲ್ಲಿ ಹಣ ಕಳೆದುಕೊಂಡಿದ್ದಾರೆ ಎಂದರು. ಮನೆ ಬದಲಿಸುವ ದಿನ ಎರಡೂ ಮನೆಗಳ ಬಾಗಿಲು ತೆರೆದಿರುತ್ತವೆ, ಸಾಮಾನು ಬೀದಿಯಲ್ಲಿರುತ್ತದೆ, ಒಳಗೆ ಬಂದವರೆಲ್ಲ ಲಾರಿಯವರ ಕಡೆಯವರು ಅಂದುಕೊಳ್ಳುತ್ತೇವೆ. ಕಳ್ಳನಿಗೆ ಬೀಗ ಮುರಿಯುವ ಕೆಲಸವೇ ಇಲ್ಲ.

ಮೋಡ ಮುಸುಕು · ಶುಕ್ರವಾರ ಮಧ್ಯಾಹ್ನ 3:05

ನಾನು ಕ್ಲೌಡ್ ಕಡೆಯವಳು. ಕ್ಯಾಪಿಟಲ್ ಒನ್ ಕೇಸು ಇಲ್ಲಿ ಇನ್ನೂ ಯಾಕೆ ಬಂದಿಲ್ಲ ಅಂತ ನೋಡುತ್ತಿದ್ದೆ.

2019ರ ಮಾರ್ಚ್‌ನಲ್ಲಿ ಆ ಅಮೆರಿಕನ್ ಬ್ಯಾಂಕಿನ ಡೇಟಾ ಅಮೆಜಾನ್ ಕ್ಲೌಡ್‌ನಿಂದ ಹೊರಹೋಯಿತು. ಅಮೆರಿಕದ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರದ್ದು. ಹೇಗೆ ಹೋಯಿತು ಅನ್ನುವುದು ಮುಖ್ಯ. ವೆಬ್ ಅಪ್ಲಿಕೇಶನ್ ಮುಂದೆ ಕಾವಲಿಗಿಟ್ಟ ಫೈರ್‌ವಾಲ್‌ನ ಸೆಟ್ಟಿಂಗ್ ತಪ್ಪಿತ್ತು. ಹೊರಗಿನಿಂದ ಅದನ್ನು ಪುಸಲಾಯಿಸಿ "ನಿನ್ನ ಒಳಗಿನ ಮೆಟಾಡೇಟಾ ವಿಳಾಸಕ್ಕೆ (ಮೆಷಿನ್ ತನ್ನ ವಿವರ, ಕೀಲಿ ಕೇಳಿ ಪಡೆಯುವ ಜಾಗ) ಹೋಗಿ ಕೇಳಿಕೊಂಡು ಬಾ" ಅಂದರೆ ಅದು ಹೋಗಿ ತನ್ನದೇ ತಾತ್ಕಾಲಿಕ ಕೀಲಿ ತಂದುಕೊಟ್ಟಿತು. ಸರಿ, ಕಾವಲುಗಾರನ ಕೀಲಿ ಸಿಕ್ಕಿತು. ಆದರೆ ಆ ಕೀಲಿಗೆ ಉಗ್ರಾಣದ ಬಕೆಟ್‌ಗಳ ಪಟ್ಟಿ ನೋಡುವ, ಫೈಲ್ ಓದುವ ಅಧಿಕಾರ ಯಾಕಿತ್ತು? ಗೇಟು ಕಾಯುವವನಿಗೆ ತಿಜೋರಿ ಕೀಲಿ ಕೊಟ್ಟವರು ಯಾರು?

ಬ್ಯಾಂಕುಗಳ ನಿಯಂತ್ರಕ ಸಂಸ್ಥೆ ಓಸಿಸಿ 2020ರ ಆಗಸ್ಟ್‌ನಲ್ಲಿ 8 ಕೋಟಿ ಡಾಲರ್ ದಂಡ ಹಾಕಿತು. ದಂಡಕ್ಕೆ ಕೊಟ್ಟ ಕಾರಣ ನೋಡಿ: ಇಷ್ಟು ದೊಡ್ಡ ವ್ಯವಸ್ಥೆಯನ್ನು ಕ್ಲೌಡ್‌ಗೆ ಸಾಗಿಸುವ ಮೊದಲು ಅಪಾಯವನ್ನು ಅಳೆಯುವ ಸರಿಯಾದ ಪದ್ಧತಿ ಇಟ್ಟುಕೊಂಡಿರಲಿಲ್ಲ ಅಂತ. ನಮ್ಮ ಸರ್ವರ್ ರೂಮಿನಲ್ಲಿ ಸುತ್ತ ಒಂದು ಗೋಡೆ ಇರುತ್ತದೆ, ಒಳಗೆ ಸಲೀಸಾಗಿ ಓಡಾಡುತ್ತೇವೆ. ಕ್ಲೌಡ್‌ನಲ್ಲಿ ಗೋಡೆ ಅಂದರೆ ಬಹುಪಾಲು ಈ ರೋಲ್‌ಗಳೇ, ಅಂದರೆ ಯಾರಿಗೆ ಯಾವ ಅಧಿಕಾರ ಅಂತ ಬರೆದಿಟ್ಟದ್ದು. ಹಳೇ ಮನೆಯ ಅಭ್ಯಾಸದಲ್ಲಿ ರೋಲ್ ಬರೆದರೆ ಗೋಡೆಯೇ ಇಲ್ಲದ ಹಾಗೆ. ಅಮೆಜಾನ್ ಆ ಮೆಟಾಡೇಟಾ ಸೇವೆಗೆ ಹೆಚ್ಚು ಬಿಗಿಯಾದ ಎರಡನೇ ಆವೃತ್ತಿಯನ್ನು 2019ರ ನವೆಂಬರ್‌ನಲ್ಲಿ ತಂದಿತು. ಕಟ್ಟೆಪುರಾಣ, ನಿಮ್ಮದು ಅಮೆಜಾನ್ ಆಗಿದ್ದರೆ ಎಲ್ಲ ಮೆಷಿನ್‌ಗಳಲ್ಲೂ ಹಳೇ ಆವೃತ್ತಿ ಬಂದ್ ಆಗಿದೆಯಾ ಇವತ್ತೇ ನೋಡಿ. ಹತ್ತು ನಿಮಿಷದ ಕೆಲಸ, ಆದರೆ ಹಳೇ ಸಾಫ್ಟ್‌ವೇರ್ ಯಾವುದಾದರೂ ಅದನ್ನೇ ನಂಬಿಕೊಂಡಿದ್ದರೆ ಮುರಿಯುತ್ತದೆ, ಹಾಗಾಗಿ ಕಟ್‌ಓವರ್ ರಾತ್ರಿ ಮಾತ್ರ ಮಾಡಬೇಡಿ.

ಹಳೆಬೇರು · ಶುಕ್ರವಾರ ಸಂಜೆ 7:20

ನಾನು ಬ್ಯಾಂಕಿನಲ್ಲಿ ಕಂಪ್ಯೂಟರ್ ವಿಭಾಗದಲ್ಲಿದ್ದು ನಿವೃತ್ತನಾದವನು. ನಿಮ್ಮ ಕ್ಲೌಡು ನನಗೆ ಅಷ್ಟಾಗಿ ತಿಳಿಯದು. ಆದರೆ ಶಾಖೆ ಶಾಖೆಗೂ ಇದ್ದ ಬೇರೆ ಬೇರೆ ಲೆಡ್ಜರ್ ಪ್ಯಾಕೇಜುಗಳನ್ನು ಕೋರ್ ಬ್ಯಾಂಕಿಂಗ್‌ಗೆ (ಎಲ್ಲ ಶಾಖೆಗೂ ಒಂದೇ ವ್ಯವಸ್ಥೆಗೆ) ತಂದ ಕಾಲದಲ್ಲಿ ಎಷ್ಟೋ ಶನಿವಾರದ ರಾತ್ರಿಗಳನ್ನು ಶಾಖೆಯ ಬೆಂಚಿನ ಮೇಲೆ ಕಳೆದಿದ್ದೇನೆ.

ಒಂದು ಶಾಖೆಯ ಕಥೆ. ಬ್ಯಾಲೆನ್ಸು ಪೈಸೆ ಪೈಸೆ ತಾಳೆಯಾಯಿತು. ಮ್ಯಾನೇಜರು ಮೈಸೂರುಪಾಕು ಹಂಚಿದರು. ಮೂರು ತಿಂಗಳ ನಂತರ ಒಬ್ಬ ವೃದ್ಧೆಯ ಖಾತೆಯಿಂದ ಹಣ ಹೋಗಿತ್ತು, ವರ್ಷಗಟ್ಟಲೆ ಮುಟ್ಟದ ಖಾತೆ. ವಿಚಾರಿಸಿದರೆ ಹಳೇ ಪ್ಯಾಕೇಜಿನಲ್ಲಿ "ನಿಷ್ಕ್ರಿಯ" ಎಂಬುದಕ್ಕೆ ಒಂದು ಗುರುತು ಇತ್ತು, ಹೊಸದರಲ್ಲಿ ಅದರ ಜಾಗ ಬೇರೆ. ಪಟ್ಟಿ ಮಾಡಿದವರು ಮೊತ್ತ, ಹೆಸರು, ಬಡ್ಡಿ ಎಲ್ಲ ಜೋಡಿಸಿದ್ದರು, ಈ ಗುರುತನ್ನು ಬಿಟ್ಟಿದ್ದರು. ಮಲಗಿದ್ದ ಖಾತೆಗಳೆಲ್ಲ ಒಂದೇ ರಾತ್ರಿಯಲ್ಲಿ ಎದ್ದು ಕೂತಿದ್ದವು. ಎರಡನೇ ಅಧಿಕಾರಿಯ ಒಪ್ಪಿಗೆ ಇಲ್ಲದೆಯೇ ಅವುಗಳಿಂದ ಹಣ ತೆಗೆಯಬಹುದಿತ್ತು. ಅದು ಶಾಖೆಯೊಳಗಿನ ಒಬ್ಬರಿಗೆ ನಮಗಿಂತ ಮೊದಲೇ ಗೊತ್ತಾಗಿತ್ತು. ಚೆಕ್ಕಿನ ಸ್ಟಾಪ್ ಪೇಮೆಂಟ್, ಕೋರ್ಟಿನ ತಡೆ, ಕೌಂಟರಿನವರ ಮೊತ್ತದ ಮಿತಿ, ಇವೆಲ್ಲವೂ ಹೀಗೆಯೇ. ಲೆಕ್ಕದಲ್ಲಿ ಕಾಣುವುದಿಲ್ಲ, ಕಾಯುವುದು ಮಾತ್ರ ಅವೇ.

ವಿಲೀನಗಳಲ್ಲಿ ಇನ್ನೊಂದು ಇದೆ. ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ ಸೇರಿದ್ದು 2020ರ ಏಪ್ರಿಲ್ 1ಕ್ಕೆ, ಹಳೇ ಐಎಫ್‌ಎಸ್‌ಸಿ ಕೋಡುಗಳು ನಿಂತದ್ದು 2021ರ ಜುಲೈನಿಂದ. ಆ ನಡುವೆ ನಮ್ಮ ಉಡುಪಿ ಕಡೆ ಹಿರಿಯರಿಗೆ ಯಾವ ಕರೆ ಬ್ಯಾಂಕಿನದು, ಯಾವುದು ಕಳ್ಳರದು ಎಂದು ತಿಳಿಸಿ ಹೇಳುವುದೇ ಮಕ್ಕಳಿಗೆಲ್ಲ ಕೆಲಸವಾಗಿತ್ತು. ಗ್ರಾಹಕರಿಗೆ ಕಳಿಸುವ ಸಂದೇಶದಲ್ಲಿ ಏನಿರಬೇಕು, "ನಾವು ಯಾವತ್ತೂ ಏನನ್ನು ಕೇಳುವುದಿಲ್ಲ" ಎಂಬುದೂ ನಿಮ್ಮ ಸೆಕ್ಯುರಿಟಿ ಯೋಜನೆಯಲ್ಲೇ ಬರಬೇಕು.

ಬೇಸಿಸ್ ಭಟ್ಟ · ಶುಕ್ರವಾರ ರಾತ್ರಿ 8:02

ಹಳೆಬೇರು ಸರ್ ಹೇಳಿದ್ದು ಎಸ್‌ಎಪಿಗೂ ಸರಿಯಾಗಿ ಕೂತ್ಕೊಳ್ತದೆ. ಇಸಿಸಿಯಲ್ಲಿ ಗ್ರಾಹಕ ಬೇರೆ, ಸಪ್ಲೈಯರ್ ಬೇರೆ ಇದ್ದರು. ಎಸ್/4ರಲ್ಲಿ ಎಲ್ಲ ಬಿಸಿನೆಸ್ ಪಾರ್ಟ್‌ನರ್. ಹಳೇ ರೋಲ್‌ಗಳನ್ನು ಹಾಗೇ ಎತ್ತಿ ತಂದರೆ ಗ್ರಾಹಕರ ವಿಳಾಸ ತಿದ್ದುತ್ತಿದ್ದವನಿಗೆ ಸಪ್ಲೈಯರ್‌ನ ಬ್ಯಾಂಕ್ ಖಾತೆ ತಿದ್ದಲಿಕ್ಕೂ ಬರಬಹುದು. ಅದೇ ಮನುಷ್ಯನ ಹತ್ತಿರ ಪಾವತಿ ಓಡಿಸುವ ರೋಲ್ ಇದ್ದರೆ ಮುಗಿಯಿತು ಕಥೆ. ಎಸ್‌ಯು25 (ರೋಲ್‌ಗಳನ್ನು ಹೊಸ ಆವೃತ್ತಿಗೆ ಹೊಂದಿಸುವ ಟೂಲ್) ಓಡಿಸಿದ್ದೀರಾ, ರೋಲ್ ತಂಡದವರು ಯಾರ ಜೊತೆ ಕೂತು ನೋಡಿದ್ದಾರೆ ಕೇಳಿ. ಸಾಧಾರಣ ಉತ್ತರ: "ಗೋ-ಲೈವ್ ಆದ ಮೇಲೆ ಮಾಡುವಾ."

ಆಡಿಟ್ ಅಕ್ಕ · ಶನಿವಾರ ಬೆಳಿಗ್ಗೆ 10:10

ಎಲ್ಲರೂ ಹೊಸ ಮನೆಯ ಬಗ್ಗೆ ಬರೆದಿದ್ದೀರಿ. ಹಳೇ ಮನೆ ಏನಾಗುತ್ತದೆ?

ಮಾರ್ಗನ್ ಸ್ಟಾನ್ಲಿ 2016ರಲ್ಲಿ ಎರಡು ಡೇಟಾ ಸೆಂಟರ್ ಮುಚ್ಚಿತು. ಹಳೇ ಯಂತ್ರಗಳ ವಿಲೇವಾರಿಗೆ ಸಾಮಾನು ಸಾಗಿಸುವ ಒಂದು ಕಂಪನಿಯನ್ನು ಹಿಡಿದರು, ಡೇಟಾ ಅಳಿಸುವ ಕೆಲಸದಲ್ಲಿ ಅದಕ್ಕೆ ಅನುಭವವೇ ಇರಲಿಲ್ಲ. ಗ್ರಾಹಕರ ವಿವರ ಇದ್ದ ಡಿಸ್ಕುಗಳು ಕೈ ಬದಲಾಗಿ ಆನ್‌ಲೈನ್ ಹರಾಜಿಗೆ ಬಂದವು. ಓಸಿಸಿ 2020ರಲ್ಲಿ 6 ಕೋಟಿ ಡಾಲರ್, ಷೇರು ನಿಯಂತ್ರಕ ಎಸ್‌ಇಸಿ 2022ರಲ್ಲಿ 3.5 ಕೋಟಿ ಡಾಲರ್ ದಂಡ ಹಾಕಿದವು. ಎಸ್‌ಇಸಿ ಲೆಕ್ಕದಲ್ಲಿ ಸುಮಾರು 1.5 ಕೋಟಿ ಗ್ರಾಹಕರ ಮಾಹಿತಿಯ ಪ್ರಶ್ನೆ ಅದು. ಗುಜರಿಗೆ ಹಾಕುವ ಕೆಲಸ ಅಂತ ಪ್ರಾಜೆಕ್ಟಿನ ಕೊನೆಯ ಸಾಲಿನಲ್ಲಿ ಬರೆದಿರುತ್ತಾರೆ, ಅಷ್ಟು ಹೊತ್ತಿಗೆ ತಂಡವೇ ಇರುವುದಿಲ್ಲ.

ನಮ್ಮಲ್ಲಿ ನಾನು ನೋಡುವುದು ಬೇರೆ ಥರ. ಹಳೇ ಸರ್ವರನ್ನು "ಓದಲಿಕ್ಕೆ ಮಾತ್ರ" ಅಂತ ಇಟ್ಟುಕೊಳ್ಳುತ್ತಾರೆ, ಆಡಿಟರ್ ಕೇಳಿದರೆ ಬೇಕಾಗುತ್ತೆ ಅಂತ. ನಮ್ಮ ಹೆಸರು ಹೇಳಿ! ಅದಕ್ಕೆ ಪ್ಯಾಚ್ ಇಲ್ಲ, ನೋಡಿಕೊಳ್ಳುವವರಿಲ್ಲ, ಆದರೆ ನೆಟ್‌ವರ್ಕಿನಲ್ಲಿ ಜೀವಂತ. ಬೇಕಾದ ದಾಖಲೆಯನ್ನು ಆರ್ಕೈವಿಗೆ ತೆಗೆದು ಮುಚ್ಚಿ ಸ್ವಾಮಿ, ನಾವೇನೂ ಬೇಡ ಅನ್ನುವುದಿಲ್ಲ.

ಲಾಗ್ ಬರುತ್ತಿಲ್ಲ ಅಂದಿರಲ್ಲ, ಅದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ಆದೇಶದ ಪ್ರಕಾರ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಮೊದಲ ದಿನದಿಂದ ಲಾಗ್ ಇಲ್ಲದಿದ್ದರೆ ಮೊದಲ ವಾರದಲ್ಲಿ ಏನಾಯಿತು ಅಂತ ಯಾವತ್ತಿಗೂ ಹೇಳಲಾರಿರಿ. ವೈಯಕ್ತಿಕ ಡೇಟಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ. ಸರಿಯಾದ ರಕ್ಷಣೆ ಇಡದಿದ್ದರೆ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಜಾಗ ಇದೆ. ಮಾಸ್ಕಿಂಗ್ ಟೂಲಿಗೆ ದುಡ್ಡಿಲ್ಲ ಅಂದವರಿಗೆ ಈ ಅಂಕಿ ತೋರಿಸಿ.

ಧಾರವಾಡ ಫೇಡೆ · ಶನಿವಾರ ಮಧ್ಯಾಹ್ನ 12:45

ರಾತ್ರಿ ಕುಂತು ಎಲ್ಲಾ ಓದಿದ್ನಿ. ಹಳೆಬೇರು ಅಜ್ಜಾರ ಮಾತು ಎದಿಗೆ ನಾಟ್ತು.

ಕಟ್ಟೆಪುರಾಣ ಅವ್ರೇ, ಸಹಿ ಹಾಕ್ತೀನಿ, ಹಾಕೂದಿಲ್ಲ ಅನ್ನೂ ಜಗಳಾ ಬಿಡ್ರಿ. ನಿಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಹತ್ರ ಕಟ್‌ಓವರ್ ಪ್ಲಾನ್ ಇಸ್ಕೋರಿ, ನಮ್ಮಲ್ಲಿ ಅದು 600 ಸಾಲಿಂದು ಇರ್ತದ. ಅದರಾಗ ನಿಮ್ಮ ಸಾಲು ತುರುಕ್ರಿ. "ಶುಕ್ರವಾರ ರಾತ್ರಿ 11ಕ್ಕ ಇಂಥಾವರಿಗೆ ಎಸ್‌ಎಪಿ_ಆಲ್ ಕೊಡೂದು, ಭಾನುವಾರ ಸಂಜೀ 6ಕ್ಕ ತಗೊಳ್ಳೂದು, ತಗೊಂಡದ್ದನ್ನ ಇಂಥಾಕಿ ನೋಡೂದು." ಹಂಗ ಬರೀರಿ. ಫೈರ್‌ವಾಲ್ 31 ಅದಾವಲ್ಲ, 31 ಸಾಲು ಬರೀರಿ, ಮುಚ್ಚೂ ತಾಸು ಸಮೇತ. ಸಾಲು ಹಸಿರಾಗದ ಹೊರತು ಮುಂದಿನ ಸಾಲು ಚಾಲೂ ಆಗೂದಿಲ್ಲ, ಅದು ನಮ್ಮ ಮಂದಿ ರಕ್ತದಾಗ ಐತಿ. ಮತ್ತ ಹೋಗಬೇಕೋ ವಾಪಸ್ ಬರಬೇಕೋ ಅನ್ನೂ ಭಾನುವಾರದ ಮೀಟಿಂಗಿನ್ಯಾಗ ನೀವು ಇರಾಕಬೇಕು. ಎರಡೇ ಪ್ರಶ್ನೆ ಇಟ್ಕೊಂಡ್ ಬರ್ರಿ, ಇಪ್ಪತ್ತು ತರಬ್ಯಾಡ್ರಿ.

ಮೋಡ ಮುಸುಕು · ಶನಿವಾರ ಮಧ್ಯಾಹ್ನ 1:10

ವಾಪಸ್ ಬರುವುದು ಅಂದಿರಲ್ಲ ಸರ್, ಅದರಲ್ಲೂ ಒಂದು ಸಾಲು ಸೇರಿಸಿ. ಹಿಂದೆ ಸರಿದರೆ ಹೊಸ ಕಡೆ ಹೋದ ಡೇಟಾ ಏನಾಗುತ್ತದೆ? ನಾನು ನೋಡಿದ ರೋಲ್‌ಬ್ಯಾಕ್ ಪ್ಲಾನುಗಳಲ್ಲೆಲ್ಲ ಹಳೆಯದನ್ನು ಎಬ್ಬಿಸುವುದು ಬರೆದಿರುತ್ತಾರೆ, ಹೊಸದನ್ನು ಮುಚ್ಚುವುದು ಯಾರೂ ಬರೆಯುವುದಿಲ್ಲ.

ಕಟ್ಟೆಪುರಾಣ · ಬುಧವಾರ ರಾತ್ರಿ 11:30

ಅಪ್‌ಡೇಟ್. ಸೋಮವಾರ ಮೀಟಿಂಗ್ ಆಯಿತು. ಪಿಡಿಎಫ್ ಒಯ್ಯಲಿಲ್ಲ, 47 ಸಾಲು ಒಯ್ದೆ. ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಮೊದಲು ಮುಖ ಗಂಟು ಹಾಕಿದರು, ಸಾಲಿಗೆ ಗಂಟೆ, ಹೆಸರು ಎಲ್ಲ ಇದ್ದದ್ದು ನೋಡಿ 41 ಒಪ್ಪಿಕೊಂಡರು. ಉಳಿದ ಆರರಲ್ಲಿ ರೋಲ್‌ಗಳ ಪೂರ್ತಿ ಪರಿಶೀಲನೆಯೂ ಇದೆ, ಅದು ಗೋ-ಲೈವ್ ಮೊದಲು ಸಾಧ್ಯವೇ ಇಲ್ಲ. ಸಪ್ಲೈಯರ್ ಬ್ಯಾಂಕ್ ಖಾತೆ ತಿದ್ದುವವರು ಮತ್ತು ಪಾವತಿ ಓಡಿಸುವವರು ಬೇರೆ ಬೇರೆ ಇರಬೇಕು ಅನ್ನುವುದನ್ನು ಮಾತ್ರ ಈಗ, ಉಳಿದದ್ದು ಎರಡು ತಿಂಗಳಲ್ಲಿ, ತಾರೀಕು ಹಾಕಿ. ಸಹಿ ಷರತ್ತಿನ ಮೇಲೆ ಕೊಟ್ಟಿದ್ದೇನೆ. ಷರತ್ತುಗಳ ಕೆಳಗೆ ಹಣಕಾಸು ಮುಖ್ಯಸ್ಥರೂ ಸಹಿ ಹಾಕಿದ್ದಾರೆ. ಮುಕ್ಕಾಲು ಪಾಲು 81,620 ಪೌಂಡಿನ ಪ್ರಭಾವ.

ಲಾಗ್ ಇವತ್ತಿನಿಂದ ಬರುತ್ತಿದೆ. ಒಂಬತ್ತು ಎಸ್‌ಎಪಿ_ಆಲ್ ಎರಡಕ್ಕೆ ಇಳಿದಿವೆ. ಭಟ್ರೇ, ಎಸ್‌ಎಂ59ರಲ್ಲಿ ನೀವು ಹೇಳಿದ್ದೇ ಸಿಕ್ಕಿತು. ಟೆಸ್ಟ್ ಕಾಪಿಯಿಂದ ಪ್ರೊಡಕ್ಷನ್‌ಗೆ ನೇರ ದಾರಿ, ನಿವೃತ್ತರಾದ ಒಬ್ಬರ ಹೆಸರಿನಲ್ಲಿ.

ನಕಲುಗಳನ್ನೂ ಅಳಿಸಿಸಿದೆವು. ಎರಡು ಅಂದುಕೊಂಡಿದ್ದೆ, ಹುಡುಕಿದರೆ ಮೂರು ಸಿಕ್ಕಿತು.

ಬೇಸಿಸ್ ಭಟ್ಟ · ಗುರುವಾರ ಬೆಳಿಗ್ಗೆ 7:15

ಮೂರನೆಯದ್ದು ಎಲ್ಲಿತ್ತು ಮಾರಾಯ್ರೆ? ಗುತ್ತಿಗೆದಾರರ ಲ್ಯಾಪ್‌ಟಾಪಲ್ಲಾ?

ಕಟ್ಟೆಪುರಾಣ · ಗುರುವಾರ ಬೆಳಿಗ್ಗೆ 9:05

ನಮ್ಮ ಬೀರುವಿನಲ್ಲಿ. ಕಳೆದ ವರ್ಷ ಮಾಸ್ಕಿಂಗ್ ಟೂಲ್ ಟ್ರಯಲ್‌ಗೆ ಅಂತ ನಾನೇ ಇಸಿದುಕೊಂಡಿದ್ದ ಡಿಸ್ಕ್.